ಅವ್ವ ಬಿಟ್ಟುಕೊಟ್ಟ ಮೂರು ಎಕರೆ

ರೈತರ ಮಕ್ಕಳಿಗೆಂದು ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದ ದಿನವೇ ನಾನು ಯಾವ ಹೊಲದವಳೂ ಅಲ್ಲ ಎಂಬುದು ನನಗೆ ಗೊತ್ತಾಯಿತು. ಆಗ ನನಗೆ ಹತ್ತೊಂಬತ್ತು ದಾಟಿತ್ತು. ಯಾದಗಿರಿಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಅರ್ಜಿಯ ಜೊತೆ ಹೊಲದ ಪಹಣಿ ಇಡಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ರಜೆಗೆ ಊರಿಗೆ ಹೋದಾಗ ನಾಡಕಚೇರಿಯ ಕಿಟಕಿ ಮುಂದೆ ಸಾಲಿನಲ್ಲಿ ನಿಂತು, ಅಪ್ಪನ ಹಳೆಯ ಕಾಗದದಿಂದ ಬರೆದುಕೊಂಡು ಹೋಗಿದ್ದ ಸರ್ವೇ ನಂಬರ್ ಹೇಳಿದೆ. ಒಳಗೆ ಕುಳಿತಿದ್ದ ಹೆಣ್ಣುಮಗಳು ಕಾಗದ ತೆಗೆದು ಕೈಗೆ ಕೊಟ್ಟರು. ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ ನಮ್ಮ ದೊಡ್ಡಪ್ಪನ ಹೆಸರು ಮಾತ್ರ ಇತ್ತು.

“ಅಕ್ಕಾರ, ಇದರಾಗ ನಮ್ಮಪ್ಪನ ಹೆಸರೂ ಇರಬೇಕ್ರಿ. ಇಬ್ಬರೂ ಕೂಡಿ ತಗೊಂಡಿದ್ದು.”

“ನಿಮ್ಮಪ್ಪ ಅದಾರೇನು?”

“ಇಲ್ರಿ. ತೀರಿಕೊಂಡು ಎಂಟು ವರ್ಷ ಆತು.”

ಅವರು ಇನ್ನೇನೋ ಒತ್ತಿ ಪರದೆ ನೋಡಿದರು. “ನಿಮ್ಮವ್ವ ಹಕ್ಕು ಬಿಟ್ಟುಕೊಟ್ಟಾಳ ನೋಡ್ರಿ. ರಿಜಿಸ್ಟರ್ ಆಗೇದ. ಆಕೀದು, ನಿಮ್ಮಿಬ್ಬರು ಅಕ್ಕ-ತಂಗೀದು, ಎಲ್ಲಾ ಕೂಡೇ ಬಿಟ್ಟಾಳ.”

“ನಾ ಸಹಿ ಮಾಡಿಲ್ರಿ.”

“ನೀವು ಆಗ ಮೈನರ್ ಇದ್ರಿ. ನಿಮ್ಮ ಪರವಾಗಿ ಅವ್ವ ಮಾಡ್ಯಾಳ. ಮುಂದಿನವರು ಬರ್ರಿ.”

ನಾನು ಸಾಲಿನಿಂದ ಸರಿದು ನಿಂತೆ. ಕಾಗದವನ್ನು ನಾಲ್ಕೈದು ಸಲ ಓದಿದೆ. ಓದಿದಷ್ಟೂ ಅದೇ ಒಂದು ಹೆಸರು.

ನಮ್ಮಪ್ಪ ಭೀಮರಾಯನಗುಡಿಯ ಕಡೆ ಕಾಲುವೆಯ ಗೇಟು ಕಾಯುವ ದಿನಗೂಲಿ ಲಸ್ಕರ್ ಆಗಿದ್ದ. ಗೇಟು ಎತ್ತುವುದು, ಇಳಿಸುವುದು, ಯಾವ ಊರಿಗೆ ಯಾವ ದಿನ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ನೀರಿಗಾಗಿ ಜಗಳ ಬಂದರೆ ಎರಡೂ ಊರಿನವರ ಬೈಗುಳ ಅವನಿಗೇ. ಆ ಕೂಲಿಯಲ್ಲೇ ಉಳಿಸಿ, ತನ್ನ ಅಣ್ಣನ ಜೊತೆ ಸೇರಿ, ಕಾಲುವೆಯ ಮಗ್ಗುಲಲ್ಲೇ ಆರು ಎಕರೆ ಹೊಲ ಕೊಂಡಿದ್ದ. ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ನಡುವೆ ಒಂದು ಬದು ಹಾಕಿಕೊಂಡು ಮೂರು ಮೂರು ಎಕರೆ ಮಾಡುತ್ತಿದ್ದರು. ನಮ್ಮ ಮೂರು ಎಕರೆಯನ್ನು ಅಪ್ಪ ಭತ್ತದ ಗದ್ದೆ ಮಾಡಿದ್ದ. ಬೇರೆಯವರ ಹೊಲಕ್ಕೆ ನೀರು ಬಿಟ್ಟೂ ಬಿಟ್ಟೂ ಸಾಕಾಗಿ, ತನ್ನದೇ ಗದ್ದೆಗೆ ನೀರು ತಿರುಗಿಸಿಕೊಂಡ ಮೊದಲ ದಿನ ಅಂಗಿ ಕಳಚಿ ಕೆಸರಲ್ಲೇ ಕುಳಿತುಬಿಟ್ಟಿದ್ದನಂತೆ. ಅವ್ವ ಹೇಳುತ್ತಿದ್ದಳು.

ನನಗೆ ಹನ್ನೊಂದು ವರ್ಷ, ತಂಗಿಗೆ ಎಂಟು ಇದ್ದಾಗ ಅಪ್ಪನಿಗೆ ಕಾಮಾಲೆ ಆಯಿತು. ಗಿಡಮೂಲಿಕೆ ಔಷಧ ಕುಡಿಸಿದರು, ಆಮೇಲೆ ಶಹಾಪುರಕ್ಕೆ, ಆಮೇಲೆ ಕಲಬುರಗಿಗೆ ಒಯ್ದರು. ಮೂರು ವಾರದಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿ ಬಂದವರೆಲ್ಲ ಅವ್ವನಿಗೆ ಒಂದೇ ಮಾತು ಹೇಳಿದರು: ಹೆದರಬೇಡ, ನಿನ್ನ ಭಾವ ಇದ್ದಾನೆ.

ಭಾವ ಇದ್ದ, ಅದು ಸುಳ್ಳಲ್ಲ. ನಮ್ಮನ್ನು ತನ್ನ ಮನೆಯ ಹಿಂದಿನ ಕೋಣೆಗೆ ಕರೆದುಕೊಂಡ. ಪಂಚಮಿಗೆ ನನಗೂ ತಂಗಿಗೂ ಒಂದೇ ಬಣ್ಣದ ಫ್ರಾಕು ತಂದ. ಜ್ವರ ಬಂದರೆ ಬೈಕಿನ ಮೇಲೆ ಕೂರಿಸಿಕೊಂಡು ದವಾಖಾನೆಗೆ ಹೋದ. ಊರವರು ಅವನನ್ನು ದೇವರಂಥ ಮನುಷ್ಯ ಅನ್ನುತ್ತಿದ್ದರು, ಅದೂ ನಮ್ಮ ಮುಂದೆಯೇ. ಹಾಗೆ ಅಂದು ನಮ್ಮ ಮುಖ ನೋಡುತ್ತಿದ್ದರು, ನಾವು ಹೌದೆಂದು ತಲೆ ಆಡಿಸಲಿ ಎಂದು. ಎಂಟು ವರ್ಷ ನಾನು ತಲೆ ಆಡಿಸಿದ್ದೇನೆ. ಇವತ್ತಿಗೂ ಆ ನೆನಪಾದರೆ ಕತ್ತಿನ ನರ ಬಿಗಿಯುತ್ತದೆ.

ನಾಡಕಚೇರಿಯಿಂದ ಮನೆಗೆ ಬರುವ ದಾರಿಯಲ್ಲಿ, ಆ ಸಹಿಯ ದಿನ ಯಾವುದಿರಬಹುದು ಎಂದು ಯೋಚಿಸುತ್ತಾ ಬಂದೆ. ಥಟ್ಟನೆ ಹೊಳೆಯಿತು. ನಾನು ಅಲ್ಲೇ ಇದ್ದೆ. ಅಪ್ಪ ಹೋದ ವರ್ಷವೇ, ಒಂದು ದಿನ ಶಾಲೆ ಬಿಡಿಸಿ ನಮ್ಮಿಬ್ಬರನ್ನೂ ಶಹಾಪುರಕ್ಕೆ ಕರೆದುಕೊಂಡು ಹೋಗಿದ್ದರು. ಒಂದು ಕಚೇರಿಯ ಬೆಂಚಿನ ಮೇಲೆ ತಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದೆ. ಅವ್ವ ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಅವಳ ಫೋಟೋ ತೆಗೆದರು, ಹೆಬ್ಬೆರಳನ್ನು ಮಷೀನಿನ ಮೇಲೆ ಒತ್ತಿಸಿದರು. ಅಧಿಕಾರಿ ಏನೋ ಕೇಳಿದರು. ಅವ್ವ “ಹೂಂ ರಿ” ಅಂದಳು. ಕೆಲಸ ಮುಗಿದ ಮೇಲೆ ದೊಡ್ಡಪ್ಪ ಬಸ್ ನಿಲ್ದಾಣದ ಹತ್ತಿರ ನಮಗೆ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿನ್ನಿಸಿದ. ಎರಡನೇ ಪ್ಲೇಟು ಬೇಕಾ ಎಂದು ಕೇಳಿದ. ನಾನು ಬೇಕೆಂದೆ. ಮರುದಿನ ಶಾಲೆಯಲ್ಲಿ ಗೆಳತಿಯರಿಗೆಲ್ಲ ಶಹಾಪುರದ ಭಜಿಯ ಸುದ್ದಿ ಹೇಳಿದ್ದೇ ಹೇಳಿದ್ದು. ನನ್ನ ಹೊಲ ಹೋದ ದಿನವನ್ನು ಎಂಟು ವರ್ಷ ನಾನು ಹಬ್ಬವೆಂದು ನೆನೆಸಿಕೊಂಡಿದ್ದೆ!

ಅವ್ವ ಮನೆಯಲ್ಲಿರಲಿಲ್ಲ. ನಾಟಿ ನಡೆದಿತ್ತು. ಅದೇ ಗದ್ದೆಗೆ ಹೋದೆ. ಐದಾರು ಹೆಂಗಸರ ಸಾಲಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಳು. ಬದುವಿನ ಮೇಲೆ ನಿಂತು ಕೂಗಿದೆ. ಕೈಯಲ್ಲಿನ ಸಸಿ ಮುಗಿಸಿಯೇ ಬಂದಳು. ಪಹಣಿ ತೋರಿಸಿದೆ. ಕೆಸರಿನ ಕೈಯಲ್ಲಿ ಮುಟ್ಟಲಿಲ್ಲ, ಕತ್ತು ಚಾಚಿ ನೋಡಿದಳು. ನಾಲ್ಕನೇ ತರಗತಿ ಓದಿದವಳು. ಹೆಸರು ಓದಲು ಬರುತ್ತದೆ.

“ಯವ್ವಾ, ಇದರ ಮ್ಯಾಲ ನೀ ಸಹಿ ಮಾಡೀದಿ?”

“ಮಾಡೀನಿ.”

“ಏನಂತ ಹೇಳಿ ಮಾಡಿಸಿಕೊಂಡ್ರು? ಅಪ್ಪನ ಹೆಸರು ತಗದು ನಮ್ಮ ಹೆಸರು ಹಚ್ಚತೀವಿ ಅಂದ್ರಾ?”

“ಇಲ್ಲ. ಓದಿ ಹೇಳಿದ್ರು. ನಂಗ ಗೊತ್ತಿತ್ತು.”

ಅವಳಿಗೆ ಮೋಸವಾಗಿದೆ ಎಂದುಕೊಂಡೇ ನಾನು ದಾರಿಯುದ್ದಕ್ಕೂ ಓಡಿಬಂದಿದ್ದೆ. ನನ್ನ ಸಿಟ್ಟೆಲ್ಲ ದೊಡ್ಡಪ್ಪನ ಮೇಲೆ ಸಿದ್ಧವಾಗಿ ನಿಂತಿತ್ತು. ಅದು ಒಮ್ಮೆಲೇ ಅವಳ ಕಡೆ ತಿರುಗಿತು.

“ಗೊತ್ತಿದ್ದೂ ಕೊಟ್ಟಿ? ನಂದು ಕೊಡಾಕ ನೀ ಯಾರು?”

ಉಳಿದ ಹೆಂಗಸರು ಬಗ್ಗಿದಲ್ಲೇ ನಿಂತು ನೋಡುತ್ತಿದ್ದರು. ಅವ್ವ ದನಿ ತಗ್ಗಿಸಿದಳು. “ಸುಮ್ಕಿರು, ಮಂದಿ ಅದಾರ. ನಿಮ್ಮ ದೊಡ್ಡಪ್ಪ ಅಂದ, ಹೆಣ್ಣು ಹುಡುಗೂರು ನಾಳೆ ಯಾರದೋ ಮನೀಗೆ ಹೋಗತಾವ, ಹೊಲಾನೂ ಅವರ ಹಿಂದ ಹೋಗತೈತಿ, ನಮ್ಮ ತಮ್ಮನ ಬೆವರು ಬ್ಯಾರೇದವರ ಪಾಲು ಯಾಕ ಆಗಬೇಕು ಅಂತ. ಬರಕೊಟ್ಟರ ಮನ್ಯಾಗ ಇರ್ರಿ, ಇಬ್ಬರದೂ ಮದುವಿ ನಾ ಮಾಡತೀನಿ ಅಂದ. ಇಲ್ಲಂದ್ರ ಸುರಪುರಕ್ಕ ನಿನ್ನ ತವರಮನೀಗೆ ಹೋಗು ಅಂದ.”

“ಹೋಗಬೇಕಿತ್ತು! ಮಾವ ಇದ್ದನಲ್ಲ ಅಲ್ಲಿ?”

ಅವ್ವ ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಂಡಳು. “ಕೇಳಿದ್ನಿ. ನಮ್ಮಣ್ಣ, ನೀ ಒಬ್ಬಾಕೀನೇ ಆದ್ರ ಬಾ, ಅಂದ.”

ಹೇಳಿ ಮತ್ತೆ ಗದ್ದೆಗಿಳಿದಳು. ನಾನು ಬಂದುಬಿಟ್ಟೆ. ಆ ಮಾತಿಗೆ ನನ್ನ ಸಿಟ್ಟು ಕರಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಕರಗಲಿಲ್ಲ. ಇನ್ನೂ ಒಬ್ಬನ ಮೇಲೆ ಹರಡಿತು, ಅಷ್ಟೆ. ಪ್ರತಿ ಬೇಸಿಗೆ ರಜೆಯಲ್ಲಿ ನಮಗೆ ಮಾವಿನಹಣ್ಣು ತಂದುಕೊಟ್ಟು ಹೋಗುತ್ತಿದ್ದ ಸೋದರಮಾವ!

ದೊಡ್ಡಪ್ಪನನ್ನು ಮರುದಿನ ಬೆಳಿಗ್ಗೆ ಕೇಳಿದೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಪಹಣಿಯನ್ನು ಅವನ ಪಕ್ಕದಲ್ಲಿಟ್ಟೆ.

“ದೊಡ್ಡಪ್ಪಾ, ಇದರಾಗ ನಮ್ಮ ಹೆಸರಿಲ್ರಿ.”

ಅವನು ಕಪ್ಪು ಕೆಳಗಿಡಲಿಲ್ಲ. “ಯಾಕ ಬೇಕಾಗಿತ್ತವ್ವ ನಿನಗ ಈ ಕಾಗದ?”

“ಸ್ಕಾಲರ್‌ಶಿಪ್ಪಿಗೆ ಬೇಕಿತ್ರಿ.”

“ಎಷ್ಟ ಕೊಡತಾರ ಹೇಳು, ನಾ ಕೊಡತೀನಿ. ಓದಾಕತ್ತೀದಿ, ಶ್ಯಾಣ್ಯಾಕಿ ಇದ್ದೀ. ನಾಳೆ ಮದುವಿಯಾಗಿ ಹೋಗಾಕಿಗೆ ಹೊಲ ಯಾಕ?”

“ನಮ್ಮಪ್ಪಂದು ನನಗ ಬೇಕ್ರಿ.”

ಆಗ ಕಪ್ಪು ಕೆಳಗಿಟ್ಟ. “ಎಂಟು ವರ್ಷ ಉಂಡಿದ್ದು ಯಾರ ಮನೀದು? ಉಟ್ಟಿದ್ದು ಯಾರದು? ನಿಮ್ಮಪ್ಪ ಸತ್ತ ದಿನ ನಾ ಬಾಗಿಲ ಹಾಕಿಕೊಂಡಿದ್ರ ಎಲ್ಲಿರ್ತಿದ್ರಿ?” ಒಳಗೆ ತಿರುಗಿ ಕೂಗಿದ: “ಏ, ಕೇಳಾಕತ್ತೀಯಿಲ್ಲ? ಹಾವಿಗೆ ಹಾಲು ಹಾಕೀವಿ ನಾವು.” ದೊಡ್ಡವ್ವ ಬಾಗಿಲಿಗೆ ಬಂದು ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾಕ ಅಕ್ಷರ ಕಲಿಸಿದ್ದೇ ತಪ್ಪಾತು,” ಅಂದಳು.

ಕಲಿಸಿದ್ದು ಸರ್ಕಾರಿ ಶಾಲೆ. ಆದರೂ ಅಂದೇ ಅಂದಳು.

ಶಹಾಪುರದ ಉಪನೋಂದಣಿ ಕಚೇರಿಯಿಂದ ಆ ಪತ್ರದ ನಕಲು ತೆಗೆಸಿದೆ. ಆರು ಪುಟ. “ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ” ಎಂದು ಎರಡು ಕಡೆ ಬರೆದಿತ್ತು. ನನ್ನ ವಯಸ್ಸು ಸರಿ ಇತ್ತು, ತಂಗಿಯ ವಯಸ್ಸೂ ಸರಿ ಇತ್ತು. ನನ್ನ ಹೆಸರನ್ನು ಮಾತ್ರ ತಪ್ಪಾಗಿ ಬರೆದಿದ್ದರು. ಹೊಲ ತೆಗೆದುಕೊಳ್ಳುವಾಗ ನನ್ನ ಹೆಸರು ಏನೆಂದು ಸರಿಯಾಗಿ ಕೇಳುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. ಆ ಅಕ್ಷರದ ತಪ್ಪು ನನ್ನನ್ನು ಕುದಿಸಿದಷ್ಟು ಇಡೀ ಪತ್ರ ಕುದಿಸಲಿಲ್ಲ. ಅಲ್ಲಿಂದ ನೇರ ಕೋರ್ಟಿನ ಕಡೆ ನಡೆದೆ. ಯಾರ ಪರಿಚಯವೂ ಇರಲಿಲ್ಲ. ಕಂಪೌಂಡಿನ ಬೇವಿನ ಮರದ ಕೆಳಗೆ ನಿಂತಿದ್ದ ಒಬ್ಬ ವಕೀಲೆಯನ್ನು, ಹೆಣ್ಣುಮಗಳು ಅನ್ನುವ ಒಂದೇ ಕಾರಣಕ್ಕೆ, ತಡೆದು ಪತ್ರ ಕೊಟ್ಟೆ. ಐವತ್ತು ದಾಟಿದ ಗಟ್ಟಿ ಹೆಂಗಸು. ನಿಂತಲ್ಲೇ ಆರೂ ಪುಟ ಓದಿದರು.

“ಹುಟ್ಟಿದ ತಾರೀಖು ಹೇಳು.”

ಹೇಳಿದೆ. ಬೆರಳು ಮಡಿಸಿ ಲೆಕ್ಕ ಹಾಕಿದರು.

“ಬದುಕಿದಿ. ಹದಿನೆಂಟು ತುಂಬಿ ಮೂರು ವರ್ಷದೊಳಗ ಕೇಳಬೇಕು. ನಿನಗ ಇನ್ನೂ ಒಂದೂವರೆ ವರ್ಷ ಐತಿ. ಬಾಳ ಮಂದಿ ಇಪ್ಪತ್ತೈದಕ್ಕ ಬರತಾರ, ಮಗು ಎತಗೊಂಡು. ಅವರಿಗೆ ಚಹಾ ಕುಡಿಸಿ ಕಳಸತೀನಿ.”

ಆಮೇಲೆ ಅವರ ಕೋಣೆಯಲ್ಲಿ ಕೂರಿಸಿ ಬಿಡಿಸಿ ಹೇಳಿದರು. ಅಪ್ಪ ತಾನೇ ದುಡಿದು ಕೊಂಡ ಹೊಲ, ಉಯಿಲು ಬರೆದಿರಲಿಲ್ಲ, ಇದ್ದಿದ್ದರೆ ಪಾಲು ಪಡೆಯಬೇಕಿದ್ದ ಅಜ್ಜಿ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದಳು. ಆದ್ದರಿಂದ ಅಪ್ಪ ಸತ್ತ ಗಳಿಗೆಯಿಂದಲೇ ಅವನ ಮೂರು ಎಕರೆ ನಮ್ಮ ಮೂವರದು: ಅವ್ವನಿಗೊಂದು, ನನಗೊಂದು, ತಂಗಿಗೊಂದು. ಅಣ್ಣನಿಗೆ ಅದರಲ್ಲಿ ಏನೂ ಇಲ್ಲ. ಅವ್ವ ತನ್ನ ಎಕರೆಯನ್ನು ಯಾರಿಗಾದರೂ ಕೊಡಬಹುದು. ಚಿಕ್ಕ ಮಕ್ಕಳ ಪಾಲನ್ನು ಬಿಟ್ಟುಕೊಡಲು ತಾಯಿಯಾದರೂ ಕೋರ್ಟಿನ ಅಪ್ಪಣೆ ಪಡೆಯಬೇಕು. ಪಡೆದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಬಂದು, ಈ ಪತ್ರ ನಮಗೆ ಒಪ್ಪಿಗೆಯಿಲ್ಲ ಎಂದು ಕೇಳಬಹುದು.

“ತಂಗಿ ಇನ್ನೂ ಸಣ್ಣಾಕಿ, ಆಕೀ ಪರವಾಗಿ ನೀನ ನಿಲ್ಲು. ದೊಡ್ಡಪ್ಪ ಒಂದನೇ ಪ್ರತಿವಾದಿ. ನಿಮ್ಮವ್ವ ಎರಡನೇದಾಕಿ.”

“ಅವ್ವನ ಮ್ಯಾಲೂ ಹಾಕಬೇಕೇನ್ರಿ?”

“ಬರಕೊಟ್ಟಾಕಿ ಆಕಿ. ಬಿಡಾಕ ಬರಂಗಿಲ್ಲ.” ಆಮೇಲೆ ಅವರೇ ಕೇಳಿದರು: “ನಿಮ್ಮವ್ವ, ನನಗ ಮೋಸ ಮಾಡಿ ಸಹಿ ಹಾಕಿಸಿಕೊಂಡ್ರು ಅಂತ ಹೇಳತಾಳೇನು? ಹೇಳಿದ್ರ ಆಕೀ ಎಕರೇನೂ ಕೇಳಿ ನೋಡಬಹುದು.”

ಅದನ್ನು ಅವ್ವನಿಗೆ ಹೇಳಲು ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಕೋರ್ಟಿಗೆ ಹೋಗುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. ಅವಳ ಮೇಲೂ ಕೇಸು ಅಂದಾಗ, “ಹಾಕು” ಅಂದಳು. ಮೋಸದ ಮಾತು ಬಂದಾಗ ಮಾತ್ರ ಮೊರ ಕೆಳಗಿಟ್ಟಳು.

“ಸುಳ್ಳು ಹೇಳಂಗಿಲ್ಲ.”

“ಅವರು ಮಾಡಿದ್ದೇನು ಖರೇನಾ? ನೀ ಒಂದ ಸುಳ್ಳು ಹೇಳಿದ್ರ ಒಂದ ಎಕರೆ ಬರತೈತಿ.”

“ನಂಗ ಗೊತ್ತಿತ್ತು. ಗೊತ್ತಿದ್ದೇ ಮಾಡೀನಿ. ನಿಮ್ಮದು ನೀವು ಕೇಳ್ರಿ. ನಂದು ಹೋಗಲಿ.”

ಹೋಗಲಿ. ಈ ಪದವನ್ನು ನಮ್ಮ ಕಡೆಯ ಹೆಂಗಸರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಅವ್ವನ ಪ್ರಾಮಾಣಿಕತೆಯ ಬಗ್ಗೆ ಯಾರಾದರೂ ಹೊಗಳಿದರೆ ಈಗಲೂ ನನಗೆ ಉರಿಯುತ್ತದೆ. ಅದರ ಲಾಭ ಉಂಡವರು ಯಾರು?

ಸಮನ್ಸು ತಂದ ಕೋರ್ಟಿನ ನೌಕರ ದೊಡ್ಡಪ್ಪನ ಅಂಗಳದಲ್ಲೇ ಇಬ್ಬರಿಗೂ ಕೊಟ್ಟ. ಅವತ್ತು ನಾನು ಯಾದಗಿರಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ತಂಗಿಯ ಫೋನು ಬಂತು. ಗಂಟು, ಪಾತ್ರೆ, ಅಪ್ಪನ ಟ್ರಂಕು ಎಲ್ಲವನ್ನೂ ತೆಗೆದು ಹೊರಗಿಟ್ಟಿದ್ದರು. ನಾನು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಅವ್ವ, ತಂಗಿ ಇಬ್ಬರೂ ಎರಡು ತಾಸು ಊರ ಬಸ್ ನಿಲ್ದಾಣದ ಬಿಸಿಲಿನಲ್ಲಿ ಆ ಟ್ರಂಕಿನ ಮೇಲೆ ಕುಳಿತಿದ್ದರು. ಆ ದಾರಿಯಲ್ಲಿ ಓಡಾಡಿದವರೆಲ್ಲ ನೋಡಿದ್ದರು. ದೇವರಂಥ ಮನುಷ್ಯ ಎಂದವರೂ ನೋಡಿದ್ದರು. ಒಬ್ಬರೂ ನೀರು ಬೇಕಾ ಎಂದು ಕೇಳಿರಲಿಲ್ಲ.

ಭೀಮರಾಯನಗುಡಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬ ಹಳೆಯ ಲಸ್ಕರ್ ತನ್ನ ಮನೆಯ ಪಕ್ಕದ ಕೋಣೆ ಬಾಡಿಗೆಗೆ ಕೊಟ್ಟ. ಅವ್ವ ಅಲ್ಲೇ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ನಾನು ಓದು ಬಿಡಲಿಲ್ಲ. ಬಿಡು ಎಂದು ಅವಳೂ ಅನ್ನಲಿಲ್ಲ. ತಾರೀಖಿನ ದಿನ ಯಾದಗಿರಿಯಿಂದ ನಾನು ಬರುತ್ತಿದ್ದೆ, ಭೀಮರಾಯನಗುಡಿಯಿಂದ ಅವ್ವ ಬರುತ್ತಿದ್ದಳು. ಕೋರ್ಟಿನಲ್ಲಿ ನಾನು ದಾವೆ ಹಾಕಿದವಳು, ಅವಳು ನನ್ನ ಎದುರಾಳಿ. ಕೂಗಿದಾಗ ಆ ಕಡೆ ಈ ಕಡೆ ನಿಲ್ಲುತ್ತಿದ್ದೆವು. ಮುಂದಿನ ತಾರೀಖು ಕೊಟ್ಟ ಮೇಲೆ ಹೊರಗೆ ಬಂದು, ಅವಳು ತಂದಿದ್ದ ಬುತ್ತಿಯನ್ನು ಇಬ್ಬರೂ ಬೇವಿನ ಮರದ ಕೆಳಗೆ ಉಣ್ಣುತ್ತಿದ್ದೆವು. ದೊಡ್ಡಪ್ಪನ ವಕೀಲರು ಒಮ್ಮೆ ಇದನ್ನು ನೋಡಿ ನಕ್ಕರು. “ವಾದಿ-ಪ್ರತಿವಾದಿ ಒಂದೇ ಡಬ್ಬಿ,” ಅಂದರು.

ಊರಲ್ಲಿ ನನಗೆ ಹೆಸರು ಬಿತ್ತು: ತಾಯಿಯ ಮೇಲೆ ಕೇಸು ಹಾಕಿದವಳು. ಸುರಪುರದ ಮಾವ ಫೋನ್ ಮಾಡಿ, ಹೆಣ್ಣುಮಕ್ಕಳು ಕೋರ್ಟು ಮೆಟ್ಟಿಲು ಹತ್ತಿದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಕೇಳಿದ. ನೀವು ಒಬ್ಬಾಕೀನೇ ಬಾ ಅಂದಾಗ ಆ ಮರ್ಯಾದೆ ಎಲ್ಲಿತ್ರಿ ಮಾವಾ ಅಂದೆ. ಫೋನ್ ಇಟ್ಟ. ಆ ವರ್ಷದಿಂದ ಮಾವಿನಹಣ್ಣೂ ನಿಂತವು. ದೊಡ್ಡಪ್ಪನ ಹಿರಿಯ ಮಗನ ಮದುವೆಗೆ ಇಡೀ ಊರಿಗೆ ಕರೆ ಹೋಯಿತು. ಕಾರ್ಡಿನಲ್ಲಿ ಅಪ್ಪನ ಹೆಸರನ್ನು ‘ದಿವಂಗತ’ ಎಂದು ಹಾಕಿದ್ದರಂತೆ, ಕೆಳಗೆ ನಮ್ಮ ಯಾರ ಹೆಸರೂ ಇರಲಿಲ್ಲವಂತೆ. ಸತ್ತವನು ಬೇಕು, ಅವನ ಮಕ್ಕಳು ಬೇಡ.

ಅವ್ವ ಕಟಕಟೆ ಹತ್ತಿದ್ದು ಮೂರನೇ ವರ್ಷ. ಹಿಂದಿನ ದಿನ ನಮ್ಮ ವಕೀಲರು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು, ಹೆಚ್ಚಿಗೆ ಮಾತಾಡಬಾರದು ಎಂದಿದ್ದರು. ಸೆರಗು ಸರಿಪಡಿಸಿಕೊಂಡು, ಕಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ದೊಡ್ಡಪ್ಪ ಮೊದಲ ಸಾಲಿನ ಬೆಂಚಿನಲ್ಲಿದ್ದ. ಮದುವೆಯಾಗಿ ಬಂದ ದಿನದಿಂದ ಅವ್ವ ಅವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಅವನ ವಕೀಲರು ಎದ್ದರು.

“ಎಂಟು ವರ್ಷ ಮಕ್ಕಳ ಊಟ, ಬಟ್ಟಿ, ಎಲ್ಲಾ ನಿಮ್ಮ ಭಾವನವರೇ ನೋಡಿಕೊಂಡಾರ. ಹೌದಲ್ರಿ?”

“ಉಂಡೀವ್ರಿ ಅವರ ಮನ್ಯಾಗ.”

“ಅಂದ್ರ ಬರಕೊಟ್ಟಿದ್ದರಿಂದ ಮಕ್ಕಳಿಗೆ ಛಲೋನ ಆಗೇದ.”

“ಆ ಹೊಲದಾಗ ಎಂಟು ವರ್ಷ ನಾನೂ ದುಡದೀನ್ರಿ. ನಾಟಿ ಮಾಡೀನಿ, ಕಳೆ ತಗದೀನಿ, ಕೊಯ್ದೀನಿ.”

“ಕೂಲಿ ತಗೊಂಡೀರೇನು?”

“ಮನೀ ಮಂದಿಗೆ ಕೂಲಿ ಯಾರ ಕೊಡತಾರ್ರಿ?”

ವಕೀಲರು ನ್ಯಾಯಾಧೀಶರ ಕಡೆ ನೋಡಿ ಕೈ ಚೆಲ್ಲಿದರು. “ಮನೀ ಮಂದೀನ ಅಂದ ಮ್ಯಾಲ ತಕರಾರು ಯಾತರದ್ದು?”

“ನಾ ಹಂಗ ತಿಳಕೊಂಡಿದ್ನಿ. ಅವರೂ ಹಂಗ ತಿಳಕೊಂಡಿದ್ರ ನನ್ನ ಮಕ್ಕಳ ಹೆಸರು ಕಾಗದದಾಗ ಇಡತಿದ್ರು.”

ಬರೆದುಕೊಳ್ಳುತ್ತಿದ್ದ ನ್ಯಾಯಾಧೀಶರು ತಲೆ ಎತ್ತಿದರು. ವಕೀಲರ ದನಿ ಗಡುಸಾಯಿತು. “ಪತ್ರ ಓದಿ ಹೇಳಿದ್ರೋ ಇಲ್ಲೋ?”

“ಹೇಳಿದ್ರಿ.”

“ತಿಳದೇ ಸಹಿ ಮಾಡೀರಿ?”

“ತಿಳದೇ ಮಾಡೀನ್ರಿ. ನಂದು ನಾ ಕೊಟ್ಟೀನಿ, ಅದನ್ನ ತಿರಗಿ ಕೇಳಂಗಿಲ್ಲ. ಹುಡುಗೂರದ್ದು ಕೊಡೋ ಹಕ್ಕು ನನಗಿಲ್ಲ ಅಂತ ಅವತ್ತು ಯಾರೂ ಹೇಳಲಿಲ್ರಿ. ಪತ್ರ ಬರದವರೂ ಹೇಳಲಿಲ್ಲ, ಹೆಬ್ಬಟ್ಟು ಒತ್ತಿಸಿಕೊಂಡ ಸಾಹೇಬ್ರೂ ಹೇಳಲಿಲ್ಲ. ನಮ್ಮ ಭಾವ ಇಲ್ಲೇ ಕುಂತಾರ. ಅವರಿಗೆ ಗೊತ್ತಿತ್ತೋ ಇಲ್ಲೋ, ಅವರನ್ನ ಕೇಳ್ರಿ.”

ತಿರುಗಿ ಅವನನ್ನು ನೋಡಿದಳು. ಸೆರಗು ಜಾರಿ ಹೆಗಲಿಗೆ ಬಂದಿತ್ತು. ಸರಿಪಡಿಸಿಕೊಳ್ಳಲಿಲ್ಲ. ದೊಡ್ಡಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಆ ಒಂದು ಗಳಿಗೆ ನನಗೆ ಅವ್ವನ ಮೇಲೆ ಸಿಟ್ಟಿರಲಿಲ್ಲ. ಇಷ್ಟು ಮಾತಾಡಲು ಬರುವವಳು ಅವತ್ತು ಆ ಕಚೇರಿಯಲ್ಲಿ ಬರೀ “ಹೂಂ ರಿ” ಅಂದದ್ದಕ್ಕೆ ಆಮೇಲೆ ಸಿಟ್ಟು ಮತ್ತೆ ಬಂತು.

ತೀರ್ಪು ನಾಲ್ಕನೇ ವರ್ಷಕ್ಕೆ ಬಂತು. ಮಕ್ಕಳ ಪಾಲಿನ ಮಟ್ಟಿಗೆ ಆ ಪತ್ರ ನಡೆಯುವುದಿಲ್ಲ, ತಾಯಿಯ ಪಾಲಿನ ಮಟ್ಟಿಗೆ ನಡೆಯುತ್ತದೆ. ನನಗೊಂದು ಎಕರೆ, ತಂಗಿಗೊಂದು. ಅವ್ವನದು ದೊಡ್ಡಪ್ಪನಿಗೇ ಉಳಿಯಿತು. ಅಪೀಲು ಹೋಗುತ್ತೇನೆಂದು ಊರೆಲ್ಲ ಹೇಳಿಕೊಂಡು ಓಡಾಡಿದ, ಹೋಗಲಿಲ್ಲ.

ಅಳತೆಗೆ ಸರ್ವೇಯರ್ ಬಂದ ದಿನ ಎರಡೂ ಕಡೆಯವರು ಹೊಲದಲ್ಲಿ ಸೇರಿದೆವು. ಅಷ್ಟರಲ್ಲಿ ನಾನು ಪರೀಕ್ಷೆ ಬರೆದು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ, ರಜೆ ಹಾಕಿ ಬಂದಿದ್ದೆ. ಸರಪಳಿ ಹಿಡಿದು ಅಳೆದರು, ಕಲ್ಲು ನೆಟ್ಟರು. ಕಾಲುವೆಯ ಕಡೆಯ ಎಕರೆ ಅವ್ವನ ಪಾಲೆಂದು ದೊಡ್ಡಪ್ಪನಿಗೆ ಹೋಯಿತು, ಒಳಗಿನ ಎರಡು ನಮಗೆ ಬಂದವು. ಅಂದರೆ ನಮ್ಮ ಗದ್ದೆಗೆ ನೀರು ಅವನ ಎಕರೆ ದಾಟಿಯೇ ಬರಬೇಕು. ಗೇಟು ಕಾಯುತ್ತಿದ್ದವನ ಮಕ್ಕಳಿಗೆ! ನಾನು ಅಲ್ಲೇ ಜಗಳ ತೆಗೆದೆ. ನೀರಿನ ದಾರಿ ಬಿಡುವುದೆಂದು ನಕ್ಷೆಯ ಮೇಲೆ ಬರೆಸಿಕೊಳ್ಳುವವರೆಗೆ ಸರ್ವೇಯರನ್ನು ಕದಲಗೊಡಲಿಲ್ಲ.

ಎಲ್ಲ ಮುಗಿದು ಹೊರಡುವಾಗ ದೊಡ್ಡಪ್ಪ ನನ್ನ ಹತ್ತಿರ ಬಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ಮಾತಾಡಿದ.

“ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡತಿದ್ದಿಲ್ಲ ನೀ.”

“ನಮ್ಮಪ್ಪ ಇದ್ದಿದ್ರ ನೀವೂ ಹಿಂಗ ಮಾಡತಿದ್ದಿಲ್ರಿ ದೊಡ್ಡಪ್ಪಾ.”

ಅವನಿಗೆ ವಯಸ್ಸಾಗಿತ್ತು. ಕೈಯಲ್ಲಿ ಕೋಲಿತ್ತು. ಅದನ್ನು ಊರುತ್ತಾ ಬದು ಹಿಡಿದು ನಡೆದುಬಿಟ್ಟ. ನೋಡಿ ಅಯ್ಯೋ ಅನ್ನಿಸಬೇಕಿತ್ತೇನೋ. ಜ್ವರ ಬಂದಾಗ ಬೈಕಿನ ಮೇಲೆ ಕೂರಿಸಿಕೊಂಡು ಹೋದವನೂ ಇವನೇ ಎಂಬುದು ನನಗೆ ಮರೆತಿಲ್ಲ. ಅದನ್ನೇ ಅವನು ಬೆಲೆ ಕಟ್ಟಿ ವಸೂಲಿ ಮಾಡಿದ್ದೂ ಮರೆತಿಲ್ಲ.

ನನ್ನ ಎಕರೆಯಲ್ಲಿ ಅರ್ಧ ಅವ್ವನ ಹೆಸರಿಗೆ ಹಚ್ಚುತ್ತೇನೆ ಎಂದು ಹೋದ ವರ್ಷ ಹೇಳಿದೆ. ಒಪ್ಪಲಿಲ್ಲ. “ಬ್ಯಾಡ. ಯಾರರೆ ಬಂದು ಮುಂದ ಕುಂತು ಅತ್ತರ ಮತ್ತ ಹೆಬ್ಬಟ್ಟು ಒತ್ತಿಬಿಡತೀನಿ ನಾ. ನಿಮ್ಮ ಹೆಸರಿಗೇ ಇರಲಿ,” ಅಂದಳು. ತಂಗಿ ನಕ್ಕಳು. ನಾನು ನಗಲಿಲ್ಲ.

ಮೆಸ್ಸಿನ ಕೆ‌ಲಸ ಬಿಟ್ಟು ಈಗ ಆ ಎರಡು ಎಕರೆಯನ್ನು ಅವಳೇ ಮಾಡಿಸುತ್ತಾಳೆ. ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಈ ಸಲ ಕಳೆ ತೆಗೆಯುವ ದಿನ ನಾನೂ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ, ಬದುವಿನ ಆ ಕಡೆ ದೊಡ್ಡವ್ವ ಒಬ್ಬಳೇ ನಿಂತಿದ್ದು ಕಾಣಿಸಿತು. ಅವರ ಆಳುಗಳು ಬಂದಿರಲಿಲ್ಲವೋ ಏನೋ. ಅವ್ವ ಕೂಗಿ ಕರೆದಳು. ದೊಡ್ಡವ್ವ ಬಂದು ಮರದ ನೆರಳಿಗೆ ಕುಳಿತಳು. ಅವ್ವ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ಕೊಟ್ಟಳು. ಇಬ್ಬರೂ ಮೊಣಕಾಲು ನೋವಿನ ಬಗ್ಗೆ, ಸೊಸೆಯ ಬಾಣಂತನದ ಬಗ್ಗೆ ಮಾತಾಡಿದರು. ನಾನು ಕೈ ತೊಳೆದುಕೊಂಡು ಎದ್ದು ದೂರ ಹೋಗಿ ನಿಂತೆ.

ಅವಳು ಹೋದ ಮೇಲೆ ಕೇಳಿದೆ. “ಯಾಕ ಕರದಿ ಆಕೀನ?”

“ಬಿಸಲಾಗ ನಿಂತಿದ್ಲು.”

“ಟ್ರಂಕ್ ಮ್ಯಾಲ ನೀವಿಬ್ಬರು ಕುಂತಾಗ ಬಿಸಲಿರಲಿಲ್ಲೇನು?”

ಅವ್ವ ರೊಟ್ಟಿಯ ಬಟ್ಟೆ ಕೊಡವಿ ಮಡಿಸಿದಳು. ಯಾದಗಿರಿ ಬಸ್ಸಿಗೆ ಹೊತ್ತಾಯಿತು, ಜಲ್ದಿ ನಡಿ ಎಂದಳು. ಚೀಲ ಎತ್ತಿಕೊಂಡು ಬಂದೆ. ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗಲೂ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.